ಪುಣ್ಯಕೋಟಿಯ ಹುಲಿಯನ್ನು ನಾಲ್ಕು ವರ್ಷದ ಮಗುವಿಗೆ ಹೇಗೆ ತೋರಿಸೋದು?

ಹಿತ್ತಲಮನೆ | ಶನಿವಾರ ರಾತ್ರಿ

ನಾವು ಮೂರು ಜನ. ನಾನು ಬರೆದು ಹಾಡ್ತೀನಿ, ತಮ್ಮ ಕ್ಯಾಮೆರಾ ನೋಡ್ಕೋತಾನೆ, ಗೆಳತಿಯೊಬ್ಬಳು ಬಟ್ಟೆ ಗೊಂಬೆ ಹೊಲೀತಾಳೆ. ಮೂರರಿಂದ ಆರು ವರ್ಷದ ಮಕ್ಕಳಿಗೆ ಐದೈದು ನಿಮಿಷದ ಕನ್ನಡ ವಿಡಿಯೊ ಮಾಡೋಣ ಅಂತ ಹೊರಟು ಹತ್ತು ತಿಂಗಳಾಯ್ತು. ಮುಗಿದಿರೋದು ನಾಲ್ಕೇ ನಾಲ್ಕು.

ಶುರುವಾಗಿದ್ದು ಅಕ್ಕನ ಮಗನಿಂದ. ಅವನಿಗೆ ಮೂರೂವರೆ. ಊಟಕ್ಕೆ ಕೂತರೆ ಎದುರಿಗೆ ಫೋನ್ ಬೇಕು. ಒಂದಿನ ಪಕ್ಕದಲ್ಲಿ ಕೂತು ಅವನು ನೋಡ್ತಿದ್ದ ವಿಡಿಯೊದಲ್ಲಿ ಒಂದು ನಿಮಿಷಕ್ಕೆ ಎಷ್ಟು ಸಲ ಚಿತ್ರ ಬದಲಾಗುತ್ತೆ ಅಂತ ಎಣಿಸಿದೆ. ನಲವತ್ತೊಂದು ಸಲ. ಬಣ್ಣದ ಕಾರು, ಧಡಾರ್, ನಗು, ಇನ್ನೊಂದು ಕಾರು. ಅವನ ಬಾಯಲ್ಲಿ ಅನ್ನ ಹಾಗೇ ಇತ್ತು, ಅಗಿಯೋದನ್ನೇ ಮರೆತಿದ್ದ.

ಈಗ ಐದನೆಯದು ಗೋವಿನ ಹಾಡು. ಅಮ್ಮನ ಹಳೇ ಇಳಕಲ್ ಸೀರೆಯಲ್ಲಿ ಹಸು, ಅದೇ ಸೀರೆಯ ಸೆರಗಲ್ಲಿ ಕರು, ಮಾಸಿದ ಹಳದಿ ಲಂಗದಲ್ಲಿ ಹುಲಿ. ಹಸು ಮಾತು ಕೊಟ್ಟು ದೊಡ್ಡಿಗೆ ಬರೋವರೆಗೂ ಶೂಟಿಂಗ್ ಮುಗಿದಿದೆ. ಅಲ್ಲಿಗೆ ಕೆಲಸ ನಿಂತಿದೆ, ಯಾಕಂದ್ರೆ ಮೂವರೂ ಜಗಳ ಆಡ್ತಿದ್ದೀವಿ. ಹಾಡಿನಲ್ಲಿರೋ ಹಾಗೆ ಹುಲಿ ಹಾರಿ ಪ್ರಾಣ ಬಿಡೋದನ್ನ ತೋರಿಸಬೇಕಾ? ಅದಕ್ಕಿಂತ ಮುಂಚೆ ನಿಲ್ಲಿಸಬೇಕಾ? ಇಲ್ಲಾ "ಹುಲಿಯೂ ಹಸುವೂ ಗೆಳೆಯರಾದರು" ಅಂತ ಮುಗಿಸಬೇಕಾ? ತಮ್ಮ ಮೊದಲನೇದು ಅಂತಾನೆ, ಗೆಳತಿ ಮೂರನೇದು ಅಂತಾಳೆ. ನನಗೆ ಮೂರೂ ಸರಿ ಕಾಣ್ತಿಲ್ಲ. ಮಕ್ಕಳ ಜೊತೆ ದಿನಾ ಒಡನಾಡೋರು ದಯವಿಟ್ಟು ಹೇಳಿ.

ಸುಮ್ನೆ ಓದೋನು | ಶನಿವಾರ ರಾತ್ರಿ

ಕೋಪ ಮಾಡ್ಕೋಬೇಡಿ. ಈ ವಯಸ್ಸಿಗೆ ಯಾವ ವಿಡಿಯೊನೂ ಬೇಡ. ಮೆಲ್ಲಗಿದ್ರೂ ವಿಡಿಯೊ ವಿಡಿಯೊನೇ. ನೀವೇ ಅವನ ಪಕ್ಕ ಕೂತು ಹಾಡಿ, ಮುಗೀತು.

ಹಿತ್ತಲಮನೆ | ಶನಿವಾರ ರಾತ್ರಿ

ಕೋಪ ಇಲ್ಲ. ಎರಡು ವರ್ಷದೊಳಗಿನವರಿಗೆ ಬೇಡವೇ ಬೇಡ ಅಂತ ನಾವೂ ವಿಡಿಯೊದ ಕೆಳಗೆ ಬರೀತೀವಿ. ಎರಡರಿಂದ ನಾಲ್ಕರವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಮ್ಮಿಯಾದಷ್ಟೂ ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದೂ ಗೊತ್ತು. ಆದ್ರೆ ಅಕ್ಕ ಎಂಟು ಗಂಟೆ ಗಾರ್ಮೆಂಟ್ಸಲ್ಲಿ ನಿಂತು ಬಂದು ಅಡುಗೆಗೆ ನಿಲ್ತಾಳೆ. ಅವಳಿಗೆ "ಪಕ್ಕ ಕೂತು ಹಾಡು" ಅಂತ ಹೇಳೋ ಧೈರ್ಯ ನನಗಿಲ್ಲ. ಹೇಗೂ ನೋಡೋ ಅರ್ಧ ಗಂಟೆಯಲ್ಲಿ ಐದು ನಿಮಿಷ ನಮ್ಮದಿರಲಿ ಅಂತಷ್ಟೇ.

ಅಂಗಳದ ಟೀಚರ್ | ಭಾನುವಾರ ಬೆಳಿಗ್ಗೆ

ಮೇಡಂ, ನಾನು ಹೊಸದುರ್ಗದ ಕಡೆ ಅಂಗನವಾಡಿ ಕಾರ್ಯಕರ್ತೆ. ಹತ್ತೊಂಬತ್ತು ವರ್ಷದಿಂದ ಈ ಹಾಡನ್ನ ಮಕ್ಕಳಿಗೆ ಹಾಡ್ತಿದ್ದೀನಿ. ನೀವು ಹುಲಿ ಬಗ್ಗೆ ಯೋಚನೆ ಮಾಡ್ತಿದ್ದೀರಿ. ನನ್ನ ಮಕ್ಕಳು ಹುಲಿ ಸತ್ತಾಗ ಒಬ್ಬರೂ ಅತ್ತಿಲ್ಲ.

ಅವರು ಅಳೋದು ಕರುವಿನ ಹತ್ರ. ಅಮ್ಮ ಹೊರಟು ನಿಂತಾಗ ಇನ್ನು ಯಾರ ಹತ್ರ ಹಾಲು ಕುಡೀಲಿ, ಯಾರ ಪಕ್ಕ ಮಲಗಲಿ ಅಂತ ಕರು ಕೇಳುತ್ತಲ್ಲ, ಅಲ್ಲಿ. ಹೊಸದಾಗಿ ಸೇರಿದ ಮಕ್ಕಳು ಇದ್ರೆ ಜೂನ್ ತಿಂಗಳಲ್ಲಿ ನಾನು ಈ ಹಾಡನ್ನ ಹಾಡೋದೇ ಇಲ್ಲ. ಆಗ ತಾನೇ ಅಮ್ಮನ್ನ ಬಾಗಿಲಲ್ಲಿ ಬಿಟ್ಟು ಬಂದಿರ್ತಾರೆ. ದಸರಾ ಕಳೆದ ಮೇಲೆ ಹಾಡ್ತೀನಿ, ಅಷ್ಟರಲ್ಲಿ ಹೋದ ಅಮ್ಮ ಮಧ್ಯಾಹ್ನ ಬಂದೇ ಬರ್ತಾಳೆ ಅಂತ ಅವರಿಗೆ ಗಟ್ಟಿಯಾಗಿರುತ್ತೆ.

ಹುಲಿ ಬಗ್ಗೆ ಒಬ್ಬ ಕೇಳಿದ್ದು ಒಂದೇ ಪ್ರಶ್ನೆ: "ಹಂಗಾದ್ರೆ ಹುಲಿ ಊಟ ಮಾಡ್ಲಿಲ್ವಾ ಟೀಚರ್?" ನನ್ನ ಹತ್ರ ಉತ್ತರ ಇರಲಿಲ್ಲ, ಉಪ್ಪಿಟ್ಟು ಬಡಿಸೋಕೆ ಎದ್ದೆ.

ಧಾರವಾಡದಾಂವ | ಭಾನುವಾರ

ಟೀಚರ್ರು ಹೇಳಿದ್ದು ಖರೇ ಐತಿ. ಆದ್ರ ಕಥಿ ಬದಲ ಮಾಡೂದು ನನಗ ಒಪ್ಪಿಗಿ ಇಲ್ಲರಿ. ಹುಲಿ ಆಕಳಾ ದೋಸ್ತ್ರಾದ್ರ ಅದು ಬ್ಯಾರೆ ಕಥಿ, ಅದಕ್ಕ ಬ್ಯಾರೆ ಹೆಸರ ಇಡ್ರಿ. ನಮ್ಮ ಅಮ್ಮ, ಅಂದ್ರ ನಮ್ಮ ಅಪ್ಪನ ಅವ್ವ, ಕತ್ತಲಾಗ ತೊಡಿಮ್ಯಾಲೆ ಹಾಕ್ಕೊಂಡು ಹಾಡ್ತಿದ್ಳು. ಹುಲಿ ಸಾಯೂ ಹೊತ್ತಿಗೆ ನನಗ ಅರ್ಧಾ ನಿದ್ದಿ. ಅಂಜಿಕಿ ಅನ್ನೂದು ಬರಲೇ ಇಲ್ಲ, ಯಾಕಂದ್ರ ಆಕಿ ಕೈ ಬೆನ್ನ ಮ್ಯಾಲಿತ್ತು. ನಿಮ್ಮ ವಿಡಿಯೋದಾಗ ಆ ಕೈ ಎಲ್ಲಿಂದ ತರ್ತೀರಿ ಅನ್ನೂದ ನನ್ನ ಪ್ರಶ್ನಿ.

ಇನ್ನೊಂದು ತಕರಾರು. ಎಲ್ಲಾ ಮಕ್ಕಳ ವಿಡಿಯೋದಾಗೂ ಒಂದ ಕನ್ನಡ. "ಬನ್ನಿ ಪುಟಾಣಿಗಳೇ, ಇಂದು ನಾವು ಕಲಿಯೋಣ." ನಮ್ಮ ಹುಡುಗ ಅದನ್ನ ನೋಡಿ "ಅಪ್ಪಾ, ಇವ್ರು ಟೀವಿ ಭಾಷಾ ಮಾತಾಡ್ತಾರ" ಅಂದ. ಅವನ ಮನಿ ಭಾಷಾದಾಗ ಒಂದು ಇಲಿನಾದ್ರೂ ಮಾತಾಡ್ಲಿ. ಹುಲಿ ಬ್ಯಾಡ, ಯಾವಾಗ್ಲೂ ಕಳ್ಳಗ, ದಡ್ಡಗ ನಮ್ಮ ಭಾಷಾ ಕೊಡ್ತಾರ.

ಹಿತ್ತಲಮನೆ | ಭಾನುವಾರ

ಹುಲಿಗೆ ನಿಮ್ಮ ಭಾಷೆ ಕೊಡೋ ಯೋಚನೆ ಇದ್ದಿದ್ದು ನಿಜ, ಈಗ ನಾಚಿಕೆ ಆಗ್ತಿದೆ. ಗೊಲ್ಲ ಕಾಳಿಂಗನಿಗೆ ನಿಮ್ಮ ದನಿ ಕೊಡ್ತೀರಾ? ಹಸುಗಳನ್ನ ಹೆಸರು ಹಿಡಿದು ಕರೆಯೋದು ಅಷ್ಟೇ.

ಧಾರವಾಡದಾಂವ | ಭಾನುವಾರ

ಕೊಡ್ತೀನ್ರಿ. ರೊಕ್ಕ ಬ್ಯಾಡ, ಹೆಸರ ಬ್ಯಾಡ. ಆದ್ರ ರೆಕಾರ್ಡಿಂಗ್ ಮಾಡೂ ಮುಂದ ನನ್ನ ಮಗನ್ನ ಎದುರಿಗೆ ಕೂಡಸ್ಕೋತೀನಿ. ಮೈಕಿಗೆ ಹಾಡಾಕ ನನಗ ಬರೂದಿಲ್ಲ.

ಪುಟ್ಟಮಾತು | ಭಾನುವಾರ ರಾತ್ರಿ

ನಾನು ಮಕ್ಕಳ ಮಾತಿನ ಚಿಕಿತ್ಸೆ ಮಾಡೋಳು. ಈ ಎಳೆಗೆ ಸಂಬಂಧಪಟ್ಟ ಎರಡು ಮೂರು ಸಂಶೋಧನೆಗಳು ನನಗೆ ಯಾವಾಗ್ಲೂ ನೆನಪಾಗ್ತವೆ.

ಟೊರೊಂಟೊ ವಿಶ್ವವಿದ್ಯಾಲಯದ ಕಾಂಗ್ ಲೀ ಮತ್ತವರ ತಂಡ 2014ರಲ್ಲಿ ಪ್ರಕಟಿಸಿದ್ದು. ಮೂರರಿಂದ ಏಳು ವರ್ಷದ ಮಕ್ಕಳಿಗೆ ಒಂದು ಆಟ: ಬೆನ್ನ ಹಿಂದೆ ಗೊಂಬೆ ಇಟ್ಟು, ತಿರುಗಿ ನೋಡಬೇಡ ಅಂತ ಹೇಳಿ ಹೊರಗೆ ಹೋಗೋದು. ಮಕ್ಕಳು ನೋಡೇ ನೋಡ್ತಾರೆ. ವಾಪಸ್ ಬಂದು ಒಂದು ಕಥೆ ಓದಿ, ಆಮೇಲೆ "ನೋಡಿದ್ಯಾ?" ಅಂತ ಕೇಳೋದು. ಸುಳ್ಳು ಹೇಳಿ ಮೂಗು ಉದ್ದ ಆದವನ ಕಥೆ, ತೋಳ ಬಂತು ತೋಳ ಅಂತ ಕೂಗಿದವನ ಕಥೆ ಕೇಳಿದ ಮಕ್ಕಳಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಮರ ಕಡಿದದ್ದು ನಾನೇ ಅಂತ ಒಪ್ಪಿಕೊಂಡು ಅಪ್ಪನ ಮೆಚ್ಚುಗೆ ಪಡೆದ ಹುಡುಗನ ಕಥೆ ಕೇಳಿದವರು ಹೆಚ್ಚು ನಿಜ ಹೇಳಿದರು. ಆ ಕಥೆಯ ಕೊನೆಯನ್ನೇ ತಿರುಗಿಸಿ ಸುಳ್ಳಿಗೆ ಶಿಕ್ಷೆ ಅಂತ ಮಾಡಿದಾಗ ಅದರ ಗುಣವೂ ಹೋಯ್ತು. ಅಂದ್ರೆ ಹೆದರಿಕೆ ಕೆಲಸ ಮಾಡಲಿಲ್ಲ, ಒಳ್ಳೇದಾಗಿದ್ದು ಮಾಡ್ತು. ಹಾಗೆ ನೋಡಿದ್ರೆ ಗೋವಿನ ಹಾಡಿನ ಬಲ ಇರೋದು ಹಸು ಮನೆಗೆ ವಾಪಸ್ ಬರೋದ್ರಲ್ಲಿ. ಹುಲಿಯ ಸಾವು ಈ ವಯಸ್ಸಿನವರಿಗೆ ಹೆಚ್ಚೇನೂ ಸೇರಿಸಲ್ಲ ಅಂತ ನನ್ನ ಅನಿಸಿಕೆ.

ಇನ್ನೊಂದು 2008ರದ್ದು. ಅಮೆರಿಕದ ಒಂದು ಕಾರ್ಟೂನ್ ಕಂತಿನಲ್ಲಿ ಮೂರು ಕಾಲಿನ ನಾಯಿ ಬರುತ್ತೆ, ಬೇರೆ ನಾಯಿಗಳು ಮೊದಲು ಹಿಂಜರಿದು ಕೊನೆಗೆ ಅದನ್ನ ಸೇರಿಸ್ಕೋತವೆ. ನಮಗಿಂತ ಬೇರೆ ಥರ ಇರೋರನ್ನೂ ಸೇರಿಸ್ಕೋಬೇಕು ಅನ್ನೋದು ಮಾಡಿದವರ ಉದ್ದೇಶ. ನೋಡಿದ ಐದಾರು ವರ್ಷದ ಮಕ್ಕಳು ಹೆಚ್ಚಾಗಿ ತಗೊಂಡಿದ್ದು ಏನು ಗೊತ್ತಾ? ಮೂರು ಕಾಲಿನ ನಾಯಿ ಸಿಕ್ಕಿದ್ರೆ ಚೆನ್ನಾಗಿ ನೋಡ್ಕೋಬೇಕು. ಅಷ್ಟೇ! ತಪ್ಪು ಮಕ್ಕಳದ್ದಲ್ಲ, ಅವರು ಕಣ್ಣಿಗೆ ಕಂಡಿದ್ದನ್ನ ಹೇಳಿದ್ರು.

ಟೊರೊಂಟೊದಲ್ಲೇ ಇನ್ನೊಂದು ಅಧ್ಯಯನ ಹಂಚಿಕೊಳ್ಳುವ ಗುಣದ ಕಥೆಯನ್ನ ಮನುಷ್ಯರ ಚಿತ್ರದಲ್ಲೂ ಬಟ್ಟೆ ತೊಟ್ಟ ಪ್ರಾಣಿಗಳ ಚಿತ್ರದಲ್ಲೂ ಓದಿಸಿ ನೋಡಿತ್ತು. ಮನುಷ್ಯರ ಚಿತ್ರ ನೋಡಿದ ಮಕ್ಕಳು ಮಾತ್ರ ತಮ್ಮ ಸ್ಟಿಕ್ಕರನ್ನ ಹೆಚ್ಚು ಹಂಚಿದರು. ಇದನ್ನ ಹೇಳಿ ನಿಮ್ಮ ಇಳಕಲ್ ಹಸುವನ್ನ ಮನೆಗೆ ಕಳಿಸಿ ಅಂತಿಲ್ಲ. ಪ್ರಾಣಿಗಳ ಮೂಲಕ ಪಾಠ ಹೇಳೋದು ನಮಗೆ ಅನಿಸಿದಷ್ಟು ಸುಲಭ ಅಲ್ಲ ಅಂತ ಗೊತ್ತಿರಲಿ ಅಂತ.

ಬಂಡೀಪುರದ ಅಂಚು | ಸೋಮವಾರ

ಎಲ್ಲರೂ ಹಸುವಿನ ಕಡೆಯಿಂದ ಮಾತಾಡ್ತಿದ್ದೀರ. ನಮ್ಮೂರು ಗುಂಡ್ಲುಪೇಟೆ ತಾಲ್ಲೂಕು, ಕಾಡಿನ ಅಂಚು. ಇಲ್ಲಿ ಹುಲಿ ದನ ಹಿಡಿಯೋದು ಕಥೆಯಲ್ಲಲ್ಲ. ಹೋದ ವರ್ಷ ನಮ್ಮ ಚಿಕ್ಕಪ್ಪನ ಹಸು ಹೋಯ್ತು, ಅರಣ್ಯದವರು ಬಂದು ಫೋಟೊ ತೆಗ್ದು ಪರಿಹಾರಕ್ಕೆ ಅರ್ಜಿ ಬರೆಸ್ಕೊಂಡ್ರು. ನನ್ನ ಮಗಳಿಗೆ ಐದು ವರ್ಷ, ಹುಲಿ ಹಸು ತಿನ್ನುತ್ತೆ, ಅದು ಅದರ ಊಟ ಅಂತ ಅವಳಿಗೆ ಗೊತ್ತು. ಹುಲಿ ಹಸಿವಾಗಿದ್ದಕ್ಕೆ ನಾಚಿಕೊಂಡು ಸತ್ತಿತು ಅಂದ್ರೆ ಅವಳು ಏನಂದ್ಕೋಬೇಕು? ಟೀಚರ್ ಹತ್ರ ಆ ಹುಡುಗ ಕೇಳಿದ ಪ್ರಶ್ನೆಯೇ ಸರಿಯಾದ ಪ್ರಶ್ನೆ.

ಹಾಡನ್ನ ಬಯ್ತಿಲ್ಲ. ನಮ್ಮಪ್ಪನೂ ಹಾಡ್ತಾರೆ. ಆದ್ರೆ "ಮೌಲ್ಯ" ಅಂತ ಹೊರಟವರು ಯಾರ ಮೌಲ್ಯ ಅಂತ ಒಂದು ಸಲ ಕೇಳ್ಕೊಳ್ಳಿ. ಸಂಸ್ಕಾರದ ವಿಡಿಯೊ ಅಂತ ಬರೋದ್ರಲ್ಲಿ ಅಮ್ಮ ಯಾವಾಗ್ಲೂ ಅಡುಗೆಮನೆಯಲ್ಲೇ, ಅಪ್ಪ ಯಾವಾಗ್ಲೂ ಪೇಪರ್ ಓದ್ತಾನೆ, ಮನೆ ಯಾವಾಗ್ಲೂ ಹಾಲ್ ಇರೋ ಮನೆ. ಸುಳ್ಳು ಹೇಳಿದ್ರೆ ದೇವರು ಕಣ್ಣು ಕೀಳ್ತಾನೆ ಅಂತ ಒಂದು ನೋಡಿದ್ದೆ, ಮಗಳು ಎರಡು ರಾತ್ರಿ ದೀಪ ಆರಿಸೋಕೆ ಬಿಡಲಿಲ್ಲ.

ಧಾರವಾಡದಾಂವ | ಸೋಮವಾರ

ನಾಚಿಕೊಂಡು ಸತ್ತಿಲ್ಲರಿ ಅದು, ಮನಸ್ಸು ಕರಗಿ ಸತ್ತದ್ದು. ಫರಕ್ ಐತಿ.

ಬಂಡೀಪುರದ ಅಂಚು | ಸೋಮವಾರ

ನಿಮಗೆ ಫರಕ್ ಇದೆ ಸರ್. ಐದು ವರ್ಷದವಳಿಗೆ ವಿವರಿಸಿ ನೋಡಿ.

ಹನ್ನೆರಡು ಫ್ರೇಮು | ಸೋಮವಾರ ರಾತ್ರಿ

ನಾನು ಬೆಂಗಳೂರಲ್ಲಿ ಆ್ಯನಿಮೇಷನ್ ಕೆಲಸ ಮಾಡ್ತೀನಿ. ಜಗಳ ಕಥೆಯದ್ದಾದ್ರೂ ಪರಿಹಾರ ಕ್ಯಾಮೆರಾದಲ್ಲಿದೆ ಅನ್ಸುತ್ತೆ.

ನೀವು ಗೊಂಬೆ ಅಲುಗಿಸಿ ಒಂದೊಂದೇ ಫೋಟೊ ತೆಗೀತಿದ್ದೀರಿ ಅಂದ್ಕೊಂಡಿದ್ದೀನಿ. ಸೆಕೆಂಡಿಗೆ ಹನ್ನೆರಡು ಅಂದ್ರೂ ಐದು ನಿಮಿಷಕ್ಕೆ 3,600 ಫೋಟೊ. ಇಷ್ಟು ಕಷ್ಟಪಡೋವಾಗ ಯಾವುದಕ್ಕೆ ಎಷ್ಟು ಫೋಟೊ ಖರ್ಚು ಮಾಡ್ತೀರಿ ಅನ್ನೋದೇ ನಿಮ್ಮ ಮೌಲ್ಯ. ಬರೆದಿದ್ದು ಏನೇ ಇರಲಿ, ಮಗು ನೋಡೋದು ಅದನ್ನ. ಹೆಚ್ಚಿನ "ಒಳ್ಳೆ ಪಾಠ"ದ ವಿಡಿಯೊ ತಗೊಳ್ಳಿ: ನಾಲ್ಕು ನಿಮಿಷ ಇಬ್ಬರು ಕಿತ್ತಾಡ್ತಾರೆ, ಹೊಡ್ಕೋತಾರೆ, ಕೊನೇ ಇಪ್ಪತ್ತು ಸೆಕೆಂಡಲ್ಲಿ "ಸಾರಿ" ಅಂತಾರೆ. ಮಗು ನಾಲ್ಕು ನಿಮಿಷ ಕಲಿತಿದ್ದು ಕಿತ್ತಾಡೋದನ್ನ. ನಿಮ್ಮ ಸ್ಟೋರಿಬೋರ್ಡ್, ಅಂದ್ರೆ ದೃಶ್ಯಗಳನ್ನ ಸಾಲಾಗಿ ಬರೆದ ಚಿತ್ರಗಳನ್ನ ತೆಗ್ದು ಲೆಕ್ಕ ಹಾಕಿ: ಹುಲಿ ಗರ್ಜಿಸೋದಕ್ಕೆ ಎಷ್ಟು ಸೆಕೆಂಡ್, ಹಸು ವಾಪಸ್ ನಡ್ಕೊಂಡು ಬರೋದಕ್ಕೆ ಎಷ್ಟು?

ಎರಡನೇದು, ಪರೀಕ್ಷೆ. ಅಮೆರಿಕದ ಮಕ್ಕಳ ಟೀವಿ ಕಾರ್ಯಕ್ರಮ ಸೆಸಮಿ ಸ್ಟ್ರೀಟ್ 1969ರಲ್ಲಿ ಶುರುವಾಗೋ ಮುಂಚೆ ಎಡ್ವರ್ಡ್ ಪಾಮರ್ ಅನ್ನೋ ಸಂಶೋಧಕ ಒಂದು ಸರಳ ಉಪಾಯ ಮಾಡಿದ್ದ. ಟೀವಿ ಪಕ್ಕದಲ್ಲಿ ಸ್ಲೈಡ್ ಪ್ರೊಜೆಕ್ಟರ್ ಇಟ್ಟು ಏಳೆಂಟು ಸೆಕೆಂಡಿಗೊಮ್ಮೆ ಬಣ್ಣದ ಚಿತ್ರ ಬದಲಾಗೋ ಹಾಗೆ ಮಾಡೋದು, ಮಗು ಯಾವಾಗ ಟೀವಿ ಬಿಟ್ಟು ಆ ಕಡೆ ನೋಡುತ್ತೆ ಅಂತ ಗುರುತು ಹಾಕೋದು. ಕಣ್ಣು ಎಲ್ಲಿ ಜಾರಿತೋ ಅಲ್ಲಿ ಕಾರ್ಯಕ್ರಮ ಸೋತಿದೆ ಅಂತ ಅರ್ಥ. ನಿಮಗೆ ಪ್ರೊಜೆಕ್ಟರ್ ಬೇಡ. ಪಕ್ಕದಲ್ಲಿ ಏನಾದ್ರೂ ಆಟದ ಸಾಮಾನು ಇಟ್ಟರೆ ಸಾಕು.

ಒಂದು ಮಾತು: ಕಣ್ಣು ಅಲ್ಲೇ ಅಂಟಿಕೊಂಡಿರೋದೇ ಗುರಿ ಅಂತಲೂ ತಿಳ್ಕೋಬೇಡಿ. ನಿಮ್ಮ ಅಕ್ಕನ ಮಗ ಅನ್ನ ಅಗಿಯೋದು ಮರೆತಿದ್ದನಲ್ಲ, ಅವನ ಕಣ್ಣೂ ಅಂಟಿಕೊಂಡೇ ಇತ್ತು.

ಮಿಂಚು ಗುಡುಗು ಹಾಕೋದಾದ್ರೆ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಬೆಳಕು ಮಿನುಗಬಾರದು. 1997ರ ಡಿಸೆಂಬರಲ್ಲಿ ಜಪಾನಲ್ಲಿ ಒಂದು ಕಾರ್ಟೂನ್ ಕಂತಿನ ಕೆಂಪು ನೀಲಿ ಮಿನುಗು ನೋಡಿ ನೂರಾರು ಮಕ್ಕಳು ಆಸ್ಪತ್ರೆ ಸೇರಿದ್ದರು.

ದೂರದೂರಿಂದ | ಮಂಗಳವಾರ

ನ್ಯೂಜೆರ್ಸಿಯಿಂದ. ನಮ್ಮ ಮನೆಯಲ್ಲಿ ನಾಲ್ಕು ವರ್ಷದವನಿದ್ದಾನೆ, ಅವನಿಗೆ ಕನ್ನಡ ಅಂದ್ರೆ ದಾವಣಗೆರೆಯ ಅಜ್ಜಿಯ ವಿಡಿಯೊ ಕಾಲ್. ನಿಮ್ಮ ಥರದವರು ಸಾವಿರ ಜನ ಬರಲಿ ಅಂತ ನಮಗೆ ಆಸೆ, ಸ್ವಾರ್ಥ ಅನ್ನಿ ಬೇಕಾದ್ರೆ.

ಧಾರವಾಡದವರು "ಬೆನ್ನ ಮೇಲಿನ ಕೈ" ಅಂದ್ರಲ್ಲ, ಅದನ್ನ ಓದಿ ಫ್ರೆಡ್ ರಾಜರ್ಸ್ ನೆನಪಾದ್ರು. ಪಿಟ್ಸ್‌ಬರ್ಗಿನವರು, 1968ರಿಂದ 2001ರವರೆಗೆ ಇಲ್ಲಿನ ಸಾರ್ವಜನಿಕ ಟೀವಿಯಲ್ಲಿ ಮಕ್ಕಳ ಕಾರ್ಯಕ್ರಮ ನಡೆಸಿದವರು. ಅವರು ಮಾಡ್ತಿದ್ದಿದ್ದು ಬಹಳ ಕಮ್ಮಿ. ಮನೆಗೆ ಬಂದು ಕೋಟು ಬಿಚ್ಚಿ ಸ್ವೆಟರ್ ಹಾಕ್ಕೊಂಡು, ಬೂಟು ಬದಲಾಯಿಸಿ, ನೇರ ಕ್ಯಾಮೆರಾ ನೋಡಿ ಒಬ್ಬ ಮಗುವಿನ ಹತ್ರ ಮಾತಾಡ್ತಿದ್ದರು. "ಮಕ್ಕಳೇ" ಅಂತ ಗುಂಪನ್ನ ಕರೀತಿರಲಿಲ್ಲ. ಮಾರ್ಗರೆಟ್ ಮೆಕ್‌ಫಾರ್ಲೆಂಡ್ ಅನ್ನೋ ಮಕ್ಕಳ ಮನಶ್ಶಾಸ್ತ್ರಜ್ಞೆಯ ಹತ್ರ ವರ್ಷಗಟ್ಟಲೆ ಸ್ಕ್ರಿಪ್ಟ್ ಚರ್ಚೆ ಮಾಡ್ತಿದ್ದರು.

ಅವರ ಸೆಟ್ಟಲ್ಲಿ ಮೀನಿನ ತೊಟ್ಟಿ ಇತ್ತು. ಕಣ್ಣು ಕಾಣದ ಒಬ್ಬ ಹುಡುಗಿ, ಮೀನಿಗೆ ತಿಂಡಿ ಹಾಕಿದ್ರೋ ಇಲ್ವೋ ಗೊತ್ತಾಗಲ್ಲ, ದಯವಿಟ್ಟು ಬಾಯಿಬಿಟ್ಟು ಹೇಳಿ ಅಂತ ಬರೆಸಿದಳಂತೆ. ಅಲ್ಲಿಂದ ಅವರು "ಈಗ ಮೀನಿಗೆ ತಿಂಡಿ ಹಾಕ್ತಿದ್ದೀನಿ" ಅಂತ ಹೇಳೋದನ್ನ ರೂಢಿ ಮಾಡ್ಕೊಂಡ್ರು. ಇನ್ನೊಂದು ಹಾಡಿದೆ, ಬಚ್ಚಲ ತೂತಿನೊಳಗೆ ನೀನು ಇಳಿದು ಹೋಗಕ್ಕಾಗಲ್ಲ ಅಂತ. ನಮಗೆ ನಗು. ಸ್ನಾನದ ನೀರು ಸುಳಿದು ಹೋಗೋದನ್ನ ನೋಡಿದ ಎರಡು ವರ್ಷದವನಿಗೆ ಅದು ಜೀವನ್ಮರಣದ ಪ್ರಶ್ನೆ.

ಸಾವಿನ ಬಗ್ಗೆ: ಸೆಸಮಿ ಸ್ಟ್ರೀಟಿನ ಅಂಗಡಿಯವನ ಪಾತ್ರ ಮಾಡ್ತಿದ್ದ ನಟ 1982ರಲ್ಲಿ ತೀರಿಕೊಂಡರು. ಬೇರೆ ನಟನನ್ನ ತರಬಹುದಿತ್ತು, ಊರು ಬಿಟ್ಟು ಹೋದ ಅನ್ನಬಹುದಿತ್ತು. ಅವರು 1983ರ ನವೆಂಬರಲ್ಲಿ ಒಂದು ಕಂತನ್ನೇ ಮಾಡಿ, ಆತ ಸತ್ತಿದ್ದಾನೆ, ವಾಪಸ್ ಬರಲ್ಲ ಅಂತ ಅದೇ ಕಾರ್ಯಕ್ರಮದ ದೊಡ್ಡ ಹಳದಿ ಹಕ್ಕಿಯ ಪಾತ್ರಕ್ಕೆ ನೇರವಾಗಿ ಹೇಳಿಸಿದರು. ಸಾವನ್ನ ತೋರಿಸಲಿಲ್ಲ. ಸಾವಿನ ನಂತರ ಸುತ್ತ ನಿಂತ ದೊಡ್ಡವರನ್ನ ತೋರಿಸಿದರು. ನಿಮ್ಮ ಮೂರು ದಾರಿಗಳ ಜೊತೆ ಇದು ನಾಲ್ಕನೇದು.

ಸುಮ್ನೆ ಓದೋನು | ಮಂಗಳವಾರ

ನಾನು ಶನಿವಾರ ಹೇಳಿದ್ದನ್ನ ಪೂರ್ತಿ ವಾಪಸ್ ತಗೊಳಲ್ಲ. ಆದ್ರೆ ಒಂದು ಪ್ರಶ್ನೆ. ಐದು ನಿಮಿಷ ಮುಗಿದ ತಕ್ಷಣ ಯೂಟ್ಯೂಬ್ ಇನ್ನೊಂದು ಕಾರು ಧಡಾರ್ ಹಾಕುತ್ತಲ್ಲ? ಆಗ ನಿಮ್ಮ ಹಸು ಏನು ಮಾಡುತ್ತೆ?

ಹಿತ್ತಲಮನೆ | ಮಂಗಳವಾರ

ಒಪ್ಪಿಕೊಂಡೆ, ಅದು ನಮ್ಮ ಕೈಯಲ್ಲಿಲ್ಲ. ನಾವು ಮಾಡಿರೋದು ಇಷ್ಟು: ಕೊನೇ ನಲವತ್ತು ಸೆಕೆಂಡು ಚಿತ್ರ ನಿಧಾನಕ್ಕೆ ಕತ್ತಲಾಗುತ್ತೆ, ದನಿ ಮಾತ್ರ ಇರುತ್ತೆ, ಕೊನೆಗೆ "ಈಗ ಫೋನ್ ಮಲಗ್ಲಿ" ಅಂತ ನಾನೇ ಹೇಳ್ತೀನಿ. ಮೊದಲ ವಿಡಿಯೊಗೆ ಅಕ್ಕನ ಮಗ ಫೋನಿಗೆ ಕರ್ಚೀಫ್ ಹೊದಿಸಿದ. ಎರಡನೇ ಸಲ ಹೊದಿಸಿ, ತೆಗ್ದು, ಮತ್ತೆ ಹಾಕು ಅಂದ. ಫೈಲನ್ನ ವಾಟ್ಸಾಪಲ್ಲಿ ನೇರ ಕಳಿಸಿದ್ರೆ ಆ ಮುಂದಿನ ವಿಡಿಯೊದ ಕಾಟವೇ ಇರಲ್ಲ, ಅಂಗನವಾಡಿಗಳಿಗೆ ಹಾಗೇ ಕಳಿಸ್ತಿದ್ದೀವಿ.

ಹನ್ನೆರಡು ಫ್ರೇಮು | ಮಂಗಳವಾರ

ಯೂಟ್ಯೂಬಿಗೆ ಹಾಕೋವಾಗ "ಮೇಡ್ ಫಾರ್ ಕಿಡ್ಸ್" ಗುರುತು ಹಾಕಲೇಬೇಕು, ಮರೀಬೇಡಿ. 2019ರಲ್ಲಿ ಮಕ್ಕಳ ಮಾಹಿತಿ ಕಲೆಹಾಕಿದ ಆರೋಪದಲ್ಲಿ ಗೂಗಲ್ ಅಮೆರಿಕದಲ್ಲಿ 17 ಕೋಟಿ ಡಾಲರ್ ಕಟ್ಟಬೇಕಾಯ್ತು, 2020ರ ಜನವರಿಯಿಂದ ಈ ನಿಯಮ ಎಲ್ಲರಿಗೂ ಬಂತು. ಆ ಗುರುತು ಹಾಕಿದ್ರೆ ಕಮೆಂಟ್ ಇಲ್ಲ, ವ್ಯಕ್ತಿಗೆ ತಕ್ಕ ಜಾಹೀರಾತಿಲ್ಲ, ಹಾಗಾಗಿ ಬರೋ ದುಡ್ಡೂ ಕಮ್ಮಿ. ಇದರಿಂದ ಹೊಟ್ಟೆ ತುಂಬುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

ಪುಟ್ಟಮಾತು | ಮಂಗಳವಾರ

"ಮತ್ತೆ ಹಾಕು" ಅಂದಿದ್ದು ಸೋಲಲ್ಲ ಅಕ್ಕಾ. ಬ್ಲೂಸ್ ಕ್ಲೂಸ್ ಅನ್ನೋ ಅಮೆರಿಕದ ಮಕ್ಕಳ ಕಾರ್ಯಕ್ರಮ 1996ರಲ್ಲಿ ಶುರುವಾದಾಗ ಒಂದೇ ಕಂತನ್ನ ಐದು ದಿನ ಸತತ ಹಾಕ್ತಿದ್ದರು. ಮಕ್ಕಳಿಗೆ ಬೇಜಾರಾಗಲಿಲ್ಲ, ದಿನದಿಂದ ದಿನಕ್ಕೆ ಹೆಚ್ಚು ಉತ್ತರ ಕೂಗ್ತಿದ್ದರು. ಅದರಲ್ಲಿ ಪ್ರಶ್ನೆ ಕೇಳಿ ಮಗು ಉತ್ತರಿಸೋವರೆಗೂ ನಿಜವಾಗಿ ಸುಮ್ಮನಿರ್ತಿದ್ದರು. ನಮ್ಮ ವಿಡಿಯೊಗಳಲ್ಲಿ "ಇದು ಯಾವ ಬಣ್ಣ? ಹ್ಞಾಂ, ಕೆಂಪು!" ಅಂತ ಉಸಿರು ಬಿಡದೆ ಹೇಳಿಬಿಡ್ತಾರೆ. ಮಾತು ತಡವಾಗಿ ಬರೋ ಮಕ್ಕಳಿಗೆ ಆ ಮೂರು ನಾಲ್ಕು ಸೆಕೆಂಡಿನ ಮೌನ ಎಷ್ಟು ದೊಡ್ಡದು ಅಂತ ನಾನು ದಿನಾ ನೋಡ್ತೀನಿ.

ಬಂಡೀಪುರದ ಅಂಚು | ಬುಧವಾರ

ಹಾಡುಗಳ ಹಕ್ಕಿನ ವಿಷಯ ಯಾರೂ ಎತ್ತಲಿಲ್ಲ. ನನ್ನ ಗೆಳೆಯ ಒಬ್ಬ ಮಕ್ಕಳ ಪದ್ಯಗಳ ವಿಡಿಯೊ ಮಾಡಿ ನೋಟಿಸ್ ಬಂದು ಎಲ್ಲಾ ತೆಗೀಬೇಕಾಯ್ತು. ನಮ್ಮಲ್ಲಿ ಕವಿ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತೆ. ಪಂಜೆ ಮಂಗೇಶರಾಯರು ಹೋಗಿದ್ದು 1937ರಲ್ಲಿ, ಅವರ ಪದ್ಯಗಳು ಈಗ ಎಲ್ಲರವು. ಜಿ.ಪಿ. ರಾಜರತ್ನಂ ಹೋಗಿದ್ದು 1979ರಲ್ಲಿ, ಅಂದ್ರೆ 2039 ಮುಗಿಯೋವರೆಗೂ ಕೇಳದೆ ಮುಟ್ಟಂಗಿಲ್ಲ. ನಾಯಿಮರಿ ಊರೆಲ್ಲಾ ಹಾಡುತ್ತೆ ಅಂತ ಅದು ಜನಪದ ಆಗಲ್ಲ. ಗೋವಿನ ಹಾಡು ಜನಪದ, ಪದಗಳಿಗೆ ತೊಂದ್ರೆ ಇಲ್ಲ, ಆದ್ರೆ ಯಾವುದೋ ಸಿನಿಮಾದ್ದೋ ಕ್ಯಾಸೆಟ್ಟಿನದೋ ಧ್ವನಿಮುದ್ರಣ ಹಿಂದೆ ಹಾಕಿದ್ರೆ ಅದಕ್ಕೆ ಬೇರೆ ಹಕ್ಕುದಾರರಿರ್ತಾರೆ.

ಹಿತ್ತಲಮನೆ | ಬುಧವಾರ

ನಾವು ಅಜ್ಜಿಯ ಧಾಟಿಯಲ್ಲೇ ಹಾಡ್ತಿರೋದು. ರೆಕಾರ್ಡಿಂಗ್ ಬೀರುವಿನ ಒಳಗೆ, ಸೀರೆಗಳ ಮಧ್ಯೆ ತಲೆ ಇಟ್ಟು. ಫ್ಯಾನ್ ಆಫ್. ಪಕ್ಕದ ಮನೆ ಕುಕ್ಕರ್ ಮೂರು ಸೀಟಿ ಕೂಗೋವರೆಗೂ ಕಾಯಬೇಕು.

ಎರಡು ವಾರ ಕೊಡಿ. ಅಂಗಳದ ಟೀಚರ್, ನಿಮ್ಮ ಮಕ್ಕಳ ಮುಂದೆ ಇಡಬಹುದಾ?

ಅಂಗಳದ ಟೀಚರ್ | ಬುಧವಾರ

ತಾಯಂದಿರ ಸಭೆ ಶುಕ್ರವಾರ ಇದೆ, ಕೇಳ್ತೀನಿ. ಪಕ್ಕದಲ್ಲಿ ಇಡೋಕೆ ಹುಣಸೆ ಬೀಜದ ತಟ್ಟೆ ಇದೆ, ಚೌಕಾಬಾರ ಆಡೋಕೆ ಇಟ್ಟಿರೋದು.

ಹಿತ್ತಲಮನೆ | ಎರಡು ವಾರದ ಮೇಲೆ, ಭಾನುವಾರ

ಆಯ್ತು. ಅಂದ್ರೆ ಆಗಿಲ್ಲ, ಆದ್ರೆ ತೋರಿಸೋ ಹಾಗಾಯ್ತು.

ಫ್ರೇಮಿನವರು ಹೇಳಿದ ಲೆಕ್ಕ ಹಾಕಿ ನನಗೇ ಗಾಬರಿ. ಮೊದಲಿನ ಸ್ಟೋರಿಬೋರ್ಡಲ್ಲಿ ಹುಲಿಯ ಗರ್ಜನೆಗೆ 48 ಸೆಕೆಂಡ್, ಹಸು ವಾಪಸ್ ಬರೋದಕ್ಕೆ 9. ತಿರುಗಿಸಿದ್ವಿ. ಈಗ ಹಸು ಬೆಟ್ಟ ಹತ್ತೋದು, ಇಳಿಯೋದು, ಹಳ್ಳದಲ್ಲಿ ಒಂದು ಸಲ ನೀರು ಕುಡಿಯೋದು, ಎಲ್ಲಾ ಇದೆ. ಒಂದೂಕಾಲು ನಿಮಿಷ.

ಹುಲಿಗೆ ನಾಲ್ಕನೇ ದಾರಿಯನ್ನೇ ಸ್ವಲ್ಪ ಬಗ್ಗಿಸಿಕೊಂಡ್ವಿ. ಹಸು ಬಂದು ನಿಂತಾಗ ಹುಲಿ ಸುಮ್ಮನೆ ನೋಡುತ್ತೆ. ಹದಿನಾಲ್ಕು ಸೆಕೆಂಡು ಏನೂ ಆಗಲ್ಲ, ಬಾಲದ ತುದಿ ಒಂದು ಸಲ ಅಲ್ಲಾಡುತ್ತೆ ಅಷ್ಟೇ. ಹಾಡಿನ ಸಾಲುಗಳನ್ನ ಇದ್ದ ಹಾಗೇ ಹಾಡಿದ್ದೀನಿ, ಒಂದಕ್ಷರ ಬಿಟ್ಟಿಲ್ಲ. ಆದ್ರೆ ಹುಲಿ ಪ್ರಾಣ ಬಿಡೋ ಸಾಲು ಬರೋ ಹೊತ್ತಿಗೆ ಕ್ಯಾಮೆರಾ ಹಸುವಿನ ಜೊತೆ ಮನೆ ಕಡೆ ಹೊರಟಿರುತ್ತೆ. ಕೇಳೋ ವಯಸ್ಸಿನವರಿಗೆ ಕೇಳುತ್ತೆ. ತಮ್ಮನೂ ಗೆಳತಿಯೂ ಇಬ್ಬರೂ ತಾವೇ ಗೆದ್ದಿದ್ದು ಅಂತಿದ್ದಾರೆ, ಹಾಗೇ ಬಿಟ್ಟಿದ್ದೀನಿ.

ಕಾಳಿಂಗ ಧಾರವಾಡದ ಕನ್ನಡದಲ್ಲಿ ಕರೀತಾನೆ. ಹಿಂದೆ ಒಂದು ಮಗು ನಗೋದು ಕೇಳುತ್ತೆ, ತೆಗೆದಿಲ್ಲ.

ಅಂಗಳದ ಟೀಚರ್ | ಭಾನುವಾರ

ಆರು ಮಕ್ಕಳಿಗೆ ತೋರಿಸಿದೆ, ತಾಯಂದಿರೂ ಇಬ್ಬರು ಕೂತಿದ್ದರು. ಹುಣಸೆ ಬೀಜದ ತಟ್ಟೆ ಪಕ್ಕದಲ್ಲಿ. ನೋಡಿದ್ದನ್ನ ಹೇಳ್ತೀನಿ, ಬೇಜಾರು ಮಾಡ್ಕೋಬಾರದು ಮೇಡಂ.

ಹಸು ನಡೆಯೋವಾಗ ಎಲ್ಲರೂ ನೋಡಿದ್ರು. ಇಬ್ಬರು ಕೂತಲ್ಲೇ ತಲೆ ಆಡಿಸ್ತಿದ್ದರು ಹಸು ಥರ. ಹದಿನಾಲ್ಕು ಸೆಕೆಂಡು ಹುಲಿ ಸುಮ್ಮನಿದ್ದಾಗ ಕೋಣೆಯಲ್ಲಿ ಸದ್ದೇ ಇರಲಿಲ್ಲ, ನನಗೇ ಆಶ್ಚರ್ಯ. ಆದ್ರೆ ಹಸು ಕರುವಿಗೆ ಬುದ್ಧಿ ಹೇಳೋದು ಬರುತ್ತಲ್ಲ, ಹೀಗಿರು, ಹಾಗೆ ಮಾಡಬೇಡ ಅಂತ, ನೀವು ತುಂಬಾ ಚೆನ್ನಾಗಿ ಹಾಡಿದ್ದೀರ. ಅಲ್ಲಿ ಆರಕ್ಕೆ ಆರೂ ಮಕ್ಕಳು ಹುಣಸೆ ಬೀಜಕ್ಕೆ ಕೈ ಹಾಕಿದ್ರು. ಒಬ್ಬ ಗೋಡೆಯ ಹಲ್ಲಿ ನೋಡ್ತಿದ್ದ.

ಕರು ಅಳೋ ಹತ್ರ ಒಬ್ಬಳ ಮುಖ ಸಣ್ಣಗಾಯ್ತು, ಅವಳಮ್ಮ ಹತ್ರ ಎಳ್ಕೊಂಡ್ರು. ಮುಗಿದ ಮೇಲೆ ಒಬ್ಬ "ಹುಲಿ ಎಲ್ಲಿ?" ಅಂದ. ಪಕ್ಕದವಳು "ಅದಕ್ಕೆ ಹೊಟ್ಟೆ ಹಸೀತು, ಮನೆಗೆ ಹೋಯ್ತು" ಅಂದಳು. ದೊಡ್ಡವಳು ಒಬ್ಬಳಿದ್ದಾಳೆ, ಆರು ತುಂಬುತ್ತೆ, ಅವಳು "ಇಲ್ಲ, ಸತ್ತೋಯ್ತು, ಹಾಡಲ್ಲಿ ಬಂತು" ಅಂದಳು. ಮೂವರೂ ನನ್ನ ಮುಖ ನೋಡಿದ್ರು. ಈ ಸಲ ನಾನು ಎದ್ದು ಹೋಗಲಿಲ್ಲ. "ನಿಮಗೆ ಏನನ್ಸುತ್ತೆ?" ಅಂದೆ. ಹತ್ತು ನಿಮಿಷ ಮಾತಾಡಿದ್ರು.

ಹಿತ್ತಲಮನೆ | ಭಾನುವಾರ

ಟೀಚರ್, ಆ ಬುದ್ಧಿ ಹೇಳೋ ಭಾಗ ನನ್ನ ಅತ್ಯಂತ ಪ್ರೀತಿಯದ್ದು. ಅದಕ್ಕೇ ಐವತ್ತು ಸೆಕೆಂಡು ಕೊಟ್ಟಿದ್ದೆ. ಈಗ ತಾನೇ ಕತ್ತರಿಸಿ ಹನ್ನೆರಡಕ್ಕೆ ತಂದೆ. ಸಿಟ್ಟು ಬಂತು, ಸುಳ್ಳು ಹೇಳಲ್ಲ. ಹಲ್ಲಿಗೆ ಸೋತೆ.

ಇನ್ನು ಒಂದೇ ಕೊರತೆ. ಹಸುವಿನ ಕೊರಳ ಗಂಟೆ. ಇಂಟರ್ನೆಟ್ಟಲ್ಲಿ ಸಿಕ್ಕಿದ್ದೆಲ್ಲಾ ದೇವಸ್ಥಾನದ ಗಂಟೆ ಥರ ಇದೆ, ಇಲ್ಲಾ ಯಾವುದೋ ದೇಶದ ತಗಡಿನ ಸದ್ದು. ಯಾರ ಮನೇಲಾದ್ರೂ ಹಳೇ ಗಂಟೆ ಇದ್ಯಾ?

ಶಿರಸಿ ಅಜ್ಜಿ | ಭಾನುವಾರ ರಾತ್ರಿ

ತಂಗಿ, ಮೊಮ್ಮಗನ ಹತ್ರ ಹೇಳಿ ಬರೆಸ್ತಾ ಇದ್ದೇನೆ. ನಮ್ಮ ಕೊಟ್ಟಿಗೆಯಲ್ಲಿ ಮರದ ಗಂಟೆ ಉಂಟು, ನನ್ನ ಮಾವನ ಕಾಲದ್ದು. ಈಗ ದನ ಎರಡೇ, ಗಂಟೆ ಕಟ್ಟಿದ್ದು ಒಂದಕ್ಕೆ. ಬೆಳಿಗ್ಗೆ ಬಿಡುವಾಗ ಸದ್ದು ಜೋರು, ಸಂಜೆ ಬರುವಾಗ ನಿಧಾನ. ನಿನಗೆ ಯಾವುದು ಬೇಕು?

ಹಿತ್ತಲಮನೆ | ಭಾನುವಾರ ರಾತ್ರಿ

ಸಂಜೆಯದ್ದು ಅಜ್ಜಿ.